ಆರು ತಿಂಗಳ ಹಿರಿತನ

ಹನ್ನೊಂದೂವರೆಯಿಂದ ಚಿಗುಸಾ ಬಾಗಿಲನ್ನೇ ಕಾಯುತ್ತಿದ್ದಳು, ಕಾಯುತ್ತಿಲ್ಲವೆಂಬಂತೆ. ಕನ್ನಡಿಯನ್ನು ಎಡಕ್ಕೆ ಎರಡು ಬೆರಳು ತಿರುಗಿಸಿಟ್ಟುಕೊಂಡರೆ ಹುಬ್ಬು ತೀಡುತ್ತಲೇ ಬಾಗಿಲ ಮೇಲೆ ಕಣ್ಣಿಡಬಹುದು. ಇಪ್ಪತ್ತೊಂಬತ್ತು ವರ್ಷದ ಕಸುಬು ಅಷ್ಟನ್ನಾದರೂ ಕಲಿಸಿತ್ತು. ಬಾಗಿಲು ಸರಿದದ್ದು ಒಂದೇ ಸಲ. ಒಳಗೆ ಇಣುಕಿದ್ದು ಮಾತ್ರ ಬಿಸಿನೀರಲ್ಲಿ ಮಿಂದು ಕೆಂಪಗಾಗಿದ್ದ, ತಲೆಯ ಮೇಲೆ ಒದ್ದೆ ಟವೆಲ್ ಮಡಿಸಿಟ್ಟುಕೊಂಡಿದ್ದ ಒಬ್ಬ ಮುದುಕಿ. "ಅಯ್ಯೋ, ಇದು ಪಾಯಿಖಾನೆ ಅಲ್ವಾ?" ಎಂದಳು. ಅಲ್ಲವೆಂದು ಹೇಳುವಷ್ಟರಲ್ಲಿ ಅವಳ ಕಣ್ಣು ಅರಳಿತು. "ಏ! ಕರಿ ಸಾರಿನ ಅತ್ತೆ! ಟೀವಿ ಜಾಹೀರಾತಲ್ಲಿ ಕರಿ ಪುಡಿಯ ಸಾರು ಬಡಿಸೋ ಅತ್ತೆ ನೀವೇ ಅಲ್ವಾ? ನನ್ನ ಮೊಮ್ಮಗ ನೀವು ಬಂದ್ರೆ ಸಾಕು, ತಟ್ಟೆ ಬಡಿಯೋಕೆ ಶುರು ಮಾಡ್ತಾನೆ." ಚಿಗುಸಾ ತಲೆ ಬಾಗಿಸಿ, ಮೊಮ್ಮಗ ಚೆನ್ನಾಗಿ ಉಣ್ಣಲಿ ಎಂದಳು. ಮುದುಕಿ ಹೋದ ಮೇಲೂ ಅವಳ ತುಟಿಯ ಮೇಲೆ ನಗು ಉಳಿದಿತ್ತು. ನೂರ ಹದಿನಾಲ್ಕು ಸಿನಿಮಾ, ಗ್ರಾಮಫೋನಿನ ಎಂಟು ಹಾಡಿನ ತಟ್ಟೆ, ಕೊನೆಗೆ ಜನರ ಬಾಯಲ್ಲಿ ಉಳಿದದ್ದು ಕರಿ ಸಾರು. ಇದರಿಂದ ತನಗೆ ನೋವಾಗಬೇಕಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದಿದೆ. ಆಗುತ್ತಿರಲಿಲ್ಲ. ಯಾವುದೋ ಮನೆಯಲ್ಲಿ ಒಂದು ಮಗು ತನ್ನ ಮುಖ ನೋಡಿ ತಟ್ಟೆ ಬಡಿಯುತ್ತದೆ ಎಂದರೆ ಒಳಗೊಳಗೇ ಖುಷಿ. ನೋವು ಬೇರೆ ಕಡೆ ಇತ್ತು. ಓಣಿಯ ಆ ತುದಿಯಲ್ಲಿ, ನೀರು ಕಾಯಿಸುವ ಕೋಣೆ ದಾಟಿ ಎಡಗಡೆಗೆ, ಇಷ್ಟೇ ಅಗಲದ ಇನ್ನೊಂದು ಕೋಣೆಯಲ್ಲಿ, ಇಂಥದೇ ಕನ್ನಡಿಯ ಮುಂದೆ ಕೂತಿತ್ತು.

ಅಲ್ಲಿ, ಇವತ್ತು ತನ್ನ ಜೊತೆ ಹಾಡಲಿದ್ದ ಸುಜುಯೊ ಇದ್ದಳು. ಅವಳೂ ಬಾಗಿಲು ನೋಡುತ್ತಿರಬೇಕು.

ಈ ಕಸುಬಿನಲ್ಲಿ ವಯಸ್ಸಿಗೆ ಬೆಲೆಯಿಲ್ಲ, ಹೆಸರಿಗೂ ಅಷ್ಟಾಗಿ ಇಲ್ಲ. ಯಾರ ಹೆಸರು ಮೊದಲು ತೆರೆಗೋ ಹಾಡಿನ ತಟ್ಟೆಗೋ ಏರಿತೋ ಅವರು ಹಿರಿಯರು. ಒಂದೇ ದಿನದ ಅಂತರವಿದ್ದರೂ ಸರಿ, ಕಿರಿಯಳು ಹಿರಿಯಳ ಕೋಣೆಗೆ ಹೋಗಿ, ಬಾಗಿಲ ಬಳಿ ಮಂಡಿಯೂರಿ, ಮಧ್ಯಾಹ್ನವೇ ಆಗಲಿ ಮುಸ್ಸಂಜೆಯೇ ಆಗಲಿ "ಬೆಳಗಿನ ನಮಸ್ಕಾರ" ಎಂದು ಹಣೆಯನ್ನು ಚಾಪೆಗೆ ಮುಟ್ಟಿಸಬೇಕು. ಅದು ಮುಗಿಯುವವರೆಗೆ ವಾದ್ಯದವರು ತಂತಿ ಬಿಗಿಯುವುದಿಲ್ಲ, ದೀಪದವನು ದೀಪ ಹಾಕಿ ನೋಡುವುದಿಲ್ಲ. ಇವತ್ತು, ಬಿಸಿನೀರ ಸ್ನಾನಕ್ಕೆ ಬಂದವರಿಗೆ ಊಟದ ಜೊತೆ ಹಾಡನ್ನೂ ಒದಗಿಸುವ ತಾಮಾಯು ಸ್ನಾನಭವನದ ರಂಗದ ಇಡೀ ಹಿಂಬದಿ, ಅಕಾರ್ಡಿಯನ್ನಿನ ಮುದುಕನಿಂದ ಹಿಡಿದು ಚಹಾ ತರುವ ಹೆಂಗಸಿನ ತನಕ, ಕಿವಿ ನಿಮಿರಿಸಿಕೊಂಡು ಕೂತಿತ್ತು. ಒಂದು ಗಂಟೆಗೆ ಪರದೆ. ಈಗ ಹನ್ನೆರಡು ಹತ್ತು.

"ಅವರು ಬರೋಲ್ಲ ಬಿಡಿ," ಎಂದಳು ಹಾತ್ಸು. ಹಾತ್ಸು ಚಿಗುಸಾಳ ಬಟ್ಟೆ, ಬಣ್ಣ, ಊಟ, ಮಾತ್ರೆ ಎಲ್ಲ ನೋಡಿಕೊಳ್ಳುವವಳು. ಅರವತ್ತಮೂರು ವರ್ಷ. ಒಂದು ಕಾಲದಲ್ಲಿ ಚಿಗುಸಾ ಇದ್ದ ಸಿನಿಮಾ ಸ್ಟುಡಿಯೋದಲ್ಲೇ ಗುಂಪಿನ ಪಾತ್ರ ಮಾಡುತ್ತಿದ್ದವಳು. ಎಂಬತ್ತು ಸಿನಿಮಾಗಳಲ್ಲಿ ಕತ್ತಿಯೇಟಿಗೆ, ಪ್ಲೇಗಿಗೆ, ಭೂಕಂಪಕ್ಕೆ ಸಿಕ್ಕು ಸತ್ತದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವಳು. "ಅವರ ಕಡೆಯ ಹುಡುಗಿ ಹೇಳ್ತಿದ್ಲು. 'ನಮ್ಮಮ್ಮಾವ್ರು ಆರು ವರ್ಷದ ಮಗು ಆಗಿದ್ದಾಗಿಂದ ರಂಗದ ಮೇಲೆ ಹಾಡ್ತಿದಾರೆ, ಯಾರು ಹಿರಿಯರು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ' ಅಂತ."

"ಬೀದಿ ನಾಟಕದ ಕಂಪನಿ ಲೆಕ್ಕಕ್ಕೆ ಬರಲ್ಲ," ಎಂದಳು ಚಿಗುಸಾ. ತನ್ನ ದನಿ ಅಷ್ಟು ಮೊನಚಾಗಿ ಬಂದದ್ದು ಅವಳಿಗೇ ಇಷ್ಟವಾಗಲಿಲ್ಲ.

"ನಾನೂ ಅದನ್ನೇ ಅಂದೆ. ನಮ್ಮವರ ಹೆಸರು ಹಾಕಿದ ಮೊದಲ ಸಿನಿಮಾ ವಸಂತದಲ್ಲಿ, ನಿಮ್ಮವರ ಮೊದಲ ಹಾಡಿನ ತಟ್ಟೆ ಅದೇ ವರ್ಷ ಶರತ್ಕಾಲದಲ್ಲಿ. ಕಲಾವಿದರ ಹೆಸರು ಪುಸ್ತಕದಲ್ಲೇ ಅಚ್ಚಾಗಿದೆ. ಆರು ತಿಂಗಳು ನಮ್ಮವರೇ ಮುಂದೆ. ಆರು ತಿಂಗಳಂದ್ರೆ ಸುಮ್ನೇನಾ? ಕಲ್ಲಂಗಡಿ ಬಿತ್ತಿ, ಬೆಳೆದು, ತಿಂದು, ಬೀಜ ಉಗುಳಬೋದು."

ಆರು ತಿಂಗಳು. ಚಿಗುಸಾ ಹುಬ್ಬು ತೀಡುವ ಕಡ್ಡಿಯನ್ನು ಕೆಳಗಿಟ್ಟಳು. ಆ ಆರು ತಿಂಗಳು ಎಲ್ಲಿಂದ ಬಂದವು ಎಂದು ತಿಳಿದವರು ಈ ಲೋಕದಲ್ಲಿ ಇಬ್ಬರೇ, ಇಬ್ಬರೂ ಇವತ್ತು ಒಂದೇ ಓಣಿಯ ಎರಡು ತುದಿಯಲ್ಲಿ ಮುಖಕ್ಕೆ ಪೌಡರು ಬಳಿದುಕೊಳ್ಳುತ್ತಿದ್ದರು. ಅಥವಾ ಒಬ್ಬಳೇ ಇರಬಹುದು. ಸುಜುಯೊಗೆ ಗೊತ್ತೋ ಇಲ್ಲವೋ ಎಂಬುದೇ ಚಿಗುಸಾಗೆ ಇಪ್ಪತ್ತೇಳು ವರ್ಷದಿಂದ ಗೊತ್ತಿರಲಿಲ್ಲ.

ಬಾಗಿಲು ಸರಿಯಿತು. ಈ ಸಲ ಭವನದ ಮೇಲ್ವಿಚಾರಕ ಕೊಗುರೆ. ಭವನದ ಹೆಸರು ಅಚ್ಚಾದ ನೀಲಿ ಅಂಗಿ ತೊಟ್ಟ ತೆಳ್ಳನೆಯ ಮನುಷ್ಯ. ಬೆಳಗಿನಿಂದ ಅವನು ಎರಡೂ ಕೋಣೆಗಳನ್ನು ಟೇಪು ಹಿಡಿದು ಅಳೆದು, ಇಲ್ಲಿಯ ಹೂದಾನಿಯನ್ನು ಅಲ್ಲಿಗೆ, ಅಲ್ಲಿಯ ದಿಂಬನ್ನು ಇಲ್ಲಿಗೆ ಸಾಗಿಸಿ ಸಮ ಮಾಡಿದ್ದ. ಬಾಗಿಲಲ್ಲಿ ಅಂಟಿಸಿದ್ದ ಜಾಹೀರಾತಿನಲ್ಲಿ ಇಬ್ಬರ ಹೆಸರೂ ಒಂದೇ ಎತ್ತರ. "ಮೈಕು... ಮೈಕಿನ ವಿಷಯ ಕೇಳೋಣಾಂತ ಬಂದೆ," ಎಂದ. ಮೈಕಿನ ಬಗ್ಗೆ ಏನನ್ನೂ ಕೇಳಲಿಲ್ಲ. "ಹೊರಗೆ ಮುನ್ನೂರ ಐವತ್ತು ಜನ ಕೂತಿದಾರೆ ಅಮ್ಮಾವ್ರೇ. ರೈತರ ಸಂಘದವರು ಮೂರು ಬಸ್ಸು. ಈಗ್ಲೇ ಅರ್ಧ ಜನಕ್ಕೆ ಸಾಕೆಯ ಅಮಲು ಏರಿದೆ. ಅಮ್ಮಾವ್ರು... ಅಂದ್ರೆ, ಇಬ್ರೂ ಅಮ್ಮಾವ್ರು... ಈ ನಮಸ್ಕಾರದ್ದು ಒಂದು ಆಗಿಹೋದ್ರೆ..."

"ನನ್ನದೇನಿದೆ ಕೊಗುರೆಯವರೇ? ನಾನು ಇಲ್ಲೇ ಇದ್ದೇನಲ್ಲ."

"ಅವರೂ ಹಾಗೇ ಅಂದ್ರು," ಎಂದ ಕೊಗುರೆ, ಅಳುವವನಂತೆ. ಅವನು ಹೋದದ್ದೇ ಹಾತ್ಸು ಬಾಯಿಗೆ ಸೆರಗು ಅಡ್ಡ ಹಿಡಿದವಳ ಹಾಗೆ ತೋಳು ಅಡ್ಡ ಹಿಡಿದು ನಕ್ಕಳು. ಒಂದು ದಾರಿ ಇದೆ ಎಂದು ಅವಳೇ ಸೂಚಿಸಿದಳು. ಹೋಗುವುದೂ ಬೇಡ, ಹೋಗದಿರುವುದೂ ಬೇಡ, ನಡುವೆ ಒಂದು ತಿಂಡಿಯ ಡಬ್ಬ ಕಳಿಸಿದರಾಯಿತು. ಬರುವಾಗ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕೊಂಡ ಸಿಹಿ ಹುರುಳಿಯ ಬಿಲ್ಲೆಗಳನ್ನು ನೇರಳೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೊರಟಳು. ಮೂರು ನಿಮಿಷದಲ್ಲಿ ಅಷ್ಟೇ ದೊಡ್ಡ ಗಂಟು ಹಿಡಿದು ಬಂದಳು. ಬಿಚ್ಚಿದರೆ ಅದೇ ಅಂಗಡಿ, ಅದೇ ಬಿಲ್ಲೆ, ಅದೇ ಬೆಲೆಯ ಡಬ್ಬ.

"ನಡು ಓಣಿಯಲ್ಲಿ ಎದುರಾದ್ವಿ, ನಾನೂ ಅವರ ಹುಡುಗಿಯೂ. ಇಬ್ರೂ ಬಗ್ಗಿದ್ವಿ. ಡಬ್ಬ ಬದಲಾಯಿಸ್ಕೊಂಡ್ವಿ. ಮತ್ತೆ ಬಗ್ಗಿದ್ವಿ. ತಲೆಗೆ ತಲೆ ಡಿಕ್ಕಿ," ಎಂದು ಹಾತ್ಸು ಹಣೆ ಉಜ್ಜಿಕೊಂಡಳು. "ಇದರ ಬದಲು ನಮ್ಮ ನಮ್ಮ ಡಬ್ಬ ನಾವೇ ತಿಂದಿದ್ರೆ ಹಣೆಯಾದ್ರೂ ಉಳೀತಿತ್ತು."

ಚಿಗುಸಾ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡಳು. ಸಿಹಿ ನಾಲಿಗೆಗೆ ಅಂಟಿತು. ಸುಜುಯೊಗೆ ಸಿಹಿ ಹುರುಳಿ ಎಂದರೆ ಪ್ರಾಣ ಎಂದು ತಾನು ಅಂಗಡಿಯಲ್ಲಿ ನೆನಪಿಟ್ಟು ಕೊಂಡದ್ದು. ಹಾಗಾದರೆ ತನಗೂ ಅದೇ ಇಷ್ಟವೆಂದು ಅವಳೂ ನೆನಪಿಟ್ಟಿದ್ದಳೇ? ಸ್ಟುಡಿಯೋದ ಹಿಂದಿನ ವಸತಿಮನೆಯಲ್ಲಿ ಇಬ್ಬರದೂ ಎದುರುಬದುರು ಕೋಣೆ. ಒಂದು ಬಿಲ್ಲೆ ಕೊಂಡು, ಹೊಲಿಗೆಯ ದಾರದಿಂದ ಎರಡು ಮಾಡಿ ತಿನ್ನುತ್ತಿದ್ದರು. ಆಗ ಅವಳು ಚಿಗುಸಾ ಆಗಿ ವರ್ಷವೂ ಆಗಿರಲಿಲ್ಲ. ಅದಕ್ಕೆ ಮುಂಚೆ ಟೊಮೆ. ಐದನೆಯ ಹೆಣ್ಣು ಹುಟ್ಟಿದಾಗ ಇನ್ನು ಸಾಕು, ನಿಲ್ಲಲಿ ಎಂದು ಅಪ್ಪ ಇಟ್ಟ ಹೆಸರು. ನಿಲ್ಲದೆ ಆರನೆಯದೂ ಹೆಣ್ಣೇ ಹುಟ್ಟಿತ್ತು. ಸ್ಟುಡಿಯೋದ ಪರೀಕ್ಷೆಗೆ ಅಕ್ಕನ ಕೋಟು ತೊಟ್ಟು ಹೋಗಿದ್ದಳು, ಐನೂರು ಹುಡುಗಿಯರ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ನಗು ಎಂದರು, ನಕ್ಕಳು. ಅಳು ಎಂದರು, ಆಗಲೂ ನಗುವೇ ಬಂತು. ಅದೇ ಹಿಡಿಸಿತೋ ಏನೋ, ಗುಂಪಿನ ಪಾತ್ರಗಳ ದೊಡ್ಡ ಕೋಣೆಗೆ ಸೇರಿಸಿಕೊಂಡರು. ಪ್ರಚಾರ ವಿಭಾಗದವನೊಬ್ಬ ಪಟ್ಟಿಯಿಂದ ಹೆಸರು ಓದಿದ, ಮುಂದಿನವಳಿಗೆ ಸಿಗಬೇಕಿದ್ದ "ಚಿಗುಸಾ" ಇವಳಿಗೆ ಸಿಕ್ಕಿತು. ಎರಡು ವರ್ಷ ಹೆಣವಾಗಿ, ಹೂ ಮಾರುವವಳಾಗಿ, ರೈಲಿನ ಕಿಟಕಿಯಲ್ಲಿ ಬೆನ್ನಾಗಿ ಕಾಣಿಸಿಕೊಂಡಳು. ನಡುವೆ ಸುಜುಯೊ ಬಂದಳು, ಹಾಡಲೆಂದೇ ಕರೆಸಿಕೊಂಡವಳು. ಮೊದಲ ದಿನವೇ ಬಣ್ಣ ಹಚ್ಚಿಕೊಳ್ಳಲು ಒಂಟಿ ಕೋಣೆ, ಸಂಬಳದ ಲಕೋಟೆ ದಪ್ಪ. ಆದರೂ ಸಂಜೆ ಬಚ್ಚಲಲ್ಲಿ ಬಂದು ಇವಳ ಬೆನ್ನು ಉಜ್ಜುತ್ತ, "ನಿನಗೊಂದು ಗುಟ್ಟು ಹೇಳ್ಲಾ? ನನಗೆ ಓದೋಕೆ ಬರೋಲ್ಲ ಕಣೇ" ಎಂದಳು, ಹಲ್ಲುನೋವಿನ ಸಂಗತಿ ಹೇಳುವವರ ಹಾಗೆ. ಊರೂರು ತಿರುಗುವ ನಾಟಕದ ಕಂಪನಿಯಲ್ಲಿ ಹುಟ್ಟಿ ಬೆಳೆದವಳು; ಒಂದು ಶಾಲೆಯಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ಕೂತವಳಲ್ಲ.

ಅಂದಿನಿಂದ ಚಿಗುಸಾ ಅವಳಿಗೆ ಕಣ್ಣಾದಳು. ಬಚ್ಚಲ ಹಬೆಯಲ್ಲಿ ಪಾತ್ರದ ಮಾತುಗಳನ್ನು ಓದಿ ಹೇಳುವಳು, ಸುಜುಯೊ ಒಂದೇ ಸಲ ಕೇಳಿ ನುಂಗಿಬಿಡುವಳು. ಬದಲಿಗೆ ಹಾಡು ಕಲಿಸುವಳು. "ಗಂಟಲಿಂದ ಹಾಡ್ಬೇಡ, ಹಸಿದ ಹೊಟ್ಟೆಯಿಂದ ಹಾಡು. ಹಸಿವಿದೆ ತಾನೇ?" "ಇದೆ ಅಕ್ಕಾ." "ಹಾಗಾದ್ರೆ ಹಾಡು ಬಂದೇ ಬರುತ್ತೆ." ಮರುದಿನದ ಹೊತ್ತು, ಜಾಗ, ಯಾರ ಯಾರ ಹೆಸರು ಎಂಬುದನ್ನು ಪ್ರತಿ ಸಂಜೆ ಗೇಟಿನ ಪಕ್ಕದ ಹಲಗೆಯ ಮೇಲೆ ಬರೆಯುತ್ತಿದ್ದರು. ಬರುವ ದಾರಿಯಲ್ಲಿ ಅದನ್ನು ಓದಿಕೊಂಡು ಬಂದು ಸುಜುಯೊಗೆ ಹೇಳುವುದು ಚಿಗುಸಾಳ ಕೆಲಸ. ಆ ಸಂಜೆಯೂ ಓದಿದಳು. ಕಡವಿನ ದೋಣಿಯ ಹಾಡು, ಸುಜುಯೊಳ ಮೊದಲ ದೊಡ್ಡ ಪಾತ್ರ, ಬೆಳಿಗ್ಗೆ ಒಂಬತ್ತಕ್ಕೆ ಎಂದಿದ್ದದ್ದನ್ನು ಹೊಳೆಯ ಮಂಜು ಬೇಕೆಂದು ಆರಕ್ಕೆ ಮಾಡಿದ್ದರು. ಒಂಬತ್ತರ ಮೇಲೆ ಒಂದು ಗೀಟು, ಪಕ್ಕದಲ್ಲಿ ಆರು. ಮನೆಗೆ ಬಂದಾಗ ಸುಜುಯೊ ಬಚ್ಚಲಲ್ಲಿದ್ದಳು. ನೀರು ಬೀಳುವ ಸದ್ದಿನ ನಡುವೆ ಕೂಗಿ ಕೇಳಿದಳು, "ಏನಾದ್ರೂ ಬದಲಾಗಿದ್ಯೇನೇ?" ಚಿಗುಸಾ ಬಾಗಿಲ ಹೊರಗೆ ನಿಂತು, "ಊಹೂಂ" ಎಂದಳು.

ಅಷ್ಟೇ. ಒಂದು ಮಾತೂ ಅಲ್ಲ, ಮೂಗಿನೊಳಗಿನ ಒಂದು ಸದ್ದು. ಆಮೇಲೆ ಎಷ್ಟು ವರ್ಷ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದ್ದಾಳೆ. ನೀರಿನ ಸದ್ದು ಜೋರಾಗಿತ್ತು, ತಾನು ಬೇರೇನೋ ಕೇಳಿಸಿಕೊಂಡಿರಬಹುದು. ಸುಸ್ತಾಗಿತ್ತು. ಒಳಗೆ ಹೋಗಿ ಹೇಳೋಣವೆಂದಿದ್ದೆ, ಮರೆತೆ. ಒಂದೊಂದು ಸಮಜಾಯಿಷಿಯನ್ನೂ ಒಂದೊಂದು ವರ್ಷ ತೊಟ್ಟು ನೋಡಿದಳು, ಒಂದೂ ಮೈಗೆ ಕೂರಲಿಲ್ಲ. ಬೆಳಿಗ್ಗೆ ಆರಕ್ಕೆ ಹೊಳೆಯ ದಂಡೆಯಲ್ಲಿ ಮುದುಕ ನಿರ್ದೇಶಕ ಕರಗುತ್ತಿದ್ದ ಮಂಜನ್ನೂ ಖಾಲಿ ದೋಣಿಯನ್ನೂ ನೋಡುತ್ತ ಟೋಪಿಯನ್ನು ನೆಲಕ್ಕೆ ಎಸೆದು, "ಯಾರಿಗಾದ್ರೂ ಈ ಹಾಡು ಬರುತ್ತೇನ್ರೋ?" ಎಂದು ಕಿರಿಚಿದಾಗ ಅವಳು ಮುಂದೆ ಬಂದದ್ದು ಅರ್ಧ ಹೆಜ್ಜೆ. ಅರ್ಧವೇ ಸಾಕಾಯಿತು. ಸುಜುಯೊಳ ಉಡುಪನ್ನು ಪಿನ್ನು ಹಾಕಿ ಇವಳ ಮೈಗೆ ಬಿಗಿದರು. ದೋಣಿಯಲ್ಲಿ ನಿಂತು ಹಾಡುತ್ತಿರುವಾಗ ಇವಳ ಕಣ್ಣು ದಡವನ್ನೇ ಹುಡುಕುತ್ತಿತ್ತು, ಯಾವ ಕ್ಷಣದಲ್ಲಾದರೂ ಅವಳು ಬರುತ್ತಾಳೆಂದು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಬಂದೇ ಬಂದಳು, ಬಣ್ಣದ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಹಾಡು ಗುನುಗುತ್ತ. ನಿಂತಳು. ನೋಡಿದಳು. ಕೂಗಾಡಲಿಲ್ಲ, ಅಳಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಗಂಟು ಬಿಚ್ಚಿ, ಮಧ್ಯಾಹ್ನಕ್ಕೆಂದು ತಂದಿದ್ದ ಅನ್ನದುಂಡೆಯನ್ನು ಪೂರ್ತಿಯಾಗಿ ತಿಂದಳು. ಬೆರಳು ನೆಕ್ಕಿದಳು. ಎದ್ದು ಹೋದಳು. ವಾರದೊಳಗೆ ವಸತಿಮನೆ ಬಿಟ್ಟಳು. ಶರತ್ಕಾಲದಲ್ಲಿ ರೇಡಿಯೋದಲ್ಲಿ ಅವಳ ದನಿ ಕೇಳಿತು.

ಚಿಗುಸಾಳ ಮುಖ ಅಷ್ಟರಲ್ಲಿ ಊರ ಗೋಡೆಗಳ ಮೇಲೆಲ್ಲ ಇತ್ತು. ಆ ದೋಣಿಯ ಮೇಲಿನ ಮುಖದಲ್ಲಿ ಅದೆಂಥ ವಿಷಾದ ಎಂದು ಪತ್ರಿಕೆಯವರು ಬರೆದರು. ಅದೇ ವಿಷಾದ ಬೇಕೆಂದು ನಿರ್ಮಾಪಕರು ಸಾಲುಗಟ್ಟಿದರು. ಬಸ್ಸಿನ ಟಿಕೆಟ್ಟಿನವಳಾಗಿ, ದಾದಿಯಾಗಿ, ಯುದ್ಧದಿಂದ ಬಾರದವನನ್ನು ಕಾಯುವವಳಾಗಿ ಅವಳು ದಡ ನೋಡಿದ್ದೇ ನೋಡಿದ್ದು. ತಿಂಗಳಿಗೆ ಎರಡು ಸಿನಿಮಾ, ಸಿನಿಮಾಕ್ಕೊಂದು ಹಾಡು. ಹೋದ ಕಡೆಯೆಲ್ಲ ಜನ ಕಡವಿನ ಹಾಡನ್ನು ಕೇಳುವರು, ಅವಳು ಕಣ್ಣು ತಗ್ಗಿಸಿ, ಎಳೆದೆಳೆದು, ನಿಟ್ಟುಸಿರಿನಂತೆ ಹಾಡುವಳು, ಅವರೂ ಕಣ್ಣೊರೆಸಿಕೊಳ್ಳುವರು. ಒಬ್ಬ ಛಾಯಾಗ್ರಾಹಕನನ್ನು ಮದುವೆಯಾದಳು, ಜಗಳವಿಲ್ಲದೆ ಬಿಟ್ಟಳು, ಈಗಲೂ ಅವನ ಊರಿನಿಂದ ಪ್ರತಿ ವರ್ಷ ಒಂದು ಪೆಟ್ಟಿಗೆ ಹಣ್ಣು ಬರುತ್ತದೆ. ಟೀವಿ ಬಂತು, ಸ್ಟುಡಿಯೋ ಮುಚ್ಚಿತು, ಅವಳು ಹೆಣವಾಗಿ ಮಲಗಿದ್ದ ಜಾಗದಲ್ಲಿ ಈಗ ಜನ ಚೆಂಡುರುಳಿಸಿ ಮರದ ಗೂಟ ಬೀಳಿಸುವ ಆಟ ಆಡುತ್ತಾರೆ. ಒಮ್ಮೆ ಹೋಗಿ ಅವಳೂ ಆಡಿ ಬಂದಳು, ಮೂರು ಗೂಟ ಬಿತ್ತು. ಒಟ್ಟಿನಲ್ಲಿ ಬದುಕು ಅವಳನ್ನು ಚೆನ್ನಾಗಿಯೇ ನೋಡಿಕೊಂಡಿತ್ತು. ಅದೇ ತೊಂದರೆ. ಕೆಟ್ಟದಾಗಿ ನೋಡಿಕೊಂಡಿದ್ದರೆ ಸಾಲ ತೀರಿತು ಅಂದುಕೊಳ್ಳಬಹುದಿತ್ತು.

"ಹನ್ನೆರಡೂ ನಲವತ್ತು," ಎಂದಳು ಹಾತ್ಸು. "ಈಗ ಬಂದಾರು ನೋಡಿ. ಅವರಿಗೇನು ಮಾನ ಇಲ್ವಾ, ಮರ್ಯಾದೆ ಇಲ್ವಾ? ಹೆಸರು ಪುಸ್ತಕದಲ್ಲೇ ಅಚ್ಚಾಗಿದೆ..."

ಚಿಗುಸಾ ಎದ್ದು ನಿಂತಳು. ಎದ್ದ ಮೇಲೆ ತಾನು ಎದ್ದದ್ದು ಅವಳಿಗೆ ಗೊತ್ತಾಯಿತು. ಕೂತೇ ಇದ್ದರೆ ಸುಜುಯೊ ಬಂದಾಳು. ಬಂದು, ಆ ಹೆಂಗಸು, ಮಂಡಿಯೂರಿ, ಅವಳಿಂದಲೇ ಇವಳು ಕಿತ್ತುಕೊಂಡ ಆರು ತಿಂಗಳಿಗೆ ಹಣೆ ಮುಟ್ಟಿಸಿಯಾಳು. ಅದನ್ನು ನೋಡುವುದಕ್ಕಿಂತ ಇನ್ನೊಂದು ಸಲ ಪ್ಲೇಗಿನಲ್ಲಿ ಸಾಯುವುದು ಮೇಲು.

"ಎಲ್ಲಿಗೆ?" ಎಂದಳು ಹಾತ್ಸು. ಅರ್ಥವಾದ ಮೇಲೆ ಅವಳ ಬಾಯಿ ತೆರೆದೇ ಉಳಿಯಿತು. "ಅಮ್ಮಾ! ನೀವು ಹೋದ್ರೆ ಇನ್ಮೇಲೆ ಯಾವಾಗ್ಲೂ ನೀವೇ ಹೋಗ್ಬೇಕು. ಜೀವ ಇರೋವರೆಗೆ!"

"ಹೋಗ್ತೇನೆ."

ಓಣಿ ಮೂವತ್ತು ಹೆಜ್ಜೆ ಇರಬಹುದು. ಅಕಾರ್ಡಿಯನ್ನಿನ ಮುದುಕ ಗೋಡೆಗೊರಗಿ ಸಿಗರೇಟು ಸೇದುತ್ತಿದ್ದವನು ನೆಟ್ಟಗಾದ. ಚಹಾದ ಹೆಂಗಸು ತಟ್ಟೆ ಹಿಡಿದು ಗೋಡೆಗೆ ಅಂಟಿಕೊಂಡಳು. ನೀರು ಕಾಯಿಸುವ ಕೋಣೆಯೊಳಗೆ ಹಬೆ ಬುಸುಗುಡುತ್ತಿತ್ತು; ಅದರ ಮುಂದೆ ಕೊಗುರೆ, ಕೈಯಲ್ಲಿ ಇನ್ನೊಂದು ದಿಂಬು. ಅವನು ದಿಂಬನ್ನು ಎದೆಗವುಚಿಕೊಂಡು ದಾರಿ ಬಿಟ್ಟ. ಇಷ್ಟು ಕಣ್ಣುಗಳ ನಡುವೆ ನಡೆದು ಹೋಗುವುದು ಅವಳಿಗೆ ಹೊಸದಲ್ಲ, ಆದರೆ ಅಷ್ಟು ವರ್ಷವೂ ಪಾತ್ರವೊಂದು ಮೈಮೇಲಿರುತ್ತಿತ್ತು. ಇವತ್ತು ಏನೂ ಇರಲಿಲ್ಲ. ಬಲಗಾಲಿನ ಬೆರಳ ಬಳಿ ಕಾಲುಚೀಲ ಹರಿದದ್ದು ಕೂಡ ಆಗಲೇ ಕಣ್ಣಿಗೆ ಬೀಳಬೇಕೇ.

ಬಾಗಿಲು ಸರಿಸಿ, ಹೊರಗೇ ಮಂಡಿಯೂರಿ, ಹಣೆಯನ್ನು ಚಾಪೆಗೆ ಮುಟ್ಟಿಸಿದಳು. "ಬೆಳಗಿನ ನಮಸ್ಕಾರ. ಚಿಗುಸಾ ಬಂದಿದ್ದೇನೆ. ಇವತ್ತು ನನ್ನನ್ನು ನಡೆಸಿಕೊಂಡು ಹೋಗಿ, ಅಕ್ಕಾ."

ಕಾಗದ ಮಡಿಸುವ ಸದ್ದು. ತಲೆ ಎತ್ತಿದರೆ ಸುಜುಯೊ ಕನ್ನಡಕದ ಮೇಲಿಂದ ಇವಳನ್ನು ನೋಡುತ್ತಿದ್ದಳು. ದಪ್ಪಗಾಗಿದ್ದಳು, ಗಲ್ಲದ ಕೆಳಗೆ ಇನ್ನೊಂದು ಗಲ್ಲ ಬಂದಿತ್ತು, ಕಣ್ಣು ಮಾತ್ರ ಅವೇ. ಕೈಯಲ್ಲಿ ಇವತ್ತಿನ ದಿನಪತ್ರಿಕೆ. ಅವಳು ಅದನ್ನು ಓದುತ್ತಿದ್ದಳು. ಚಿತ್ರ ನೋಡುತ್ತಿದ್ದುದಲ್ಲ, ಸಣ್ಣ ಅಕ್ಷರದ ಪುಟ.

"ಇದೇನಿದು ಚಿಗುಸಾ ಅವ್ರೇ," ಎಂದಳು ಸುಜುಯೊ. "ಹೆಸರು ಪುಸ್ತಕದ ಪ್ರಕಾರ ಆರು ತಿಂಗಳು ಹಿರಿಯರು ನೀವು. ನೀವು ನನಗೆ ಬಗ್ಗೋದೇ? ಊರವರು ಏನಂದಾರು? ಈಗ್ಲೇ ಎದ್ದು ನಿಮ್ಮ ಕೋಣೆಗೆ ಹೊರಟಿದ್ದೆ, ಮಂಡಿ ಎದ್ದೇಳೋಕೆ ಬಿಡ್ತಿಲ್ಲ."

"ಆ ಆರು ತಿಂಗಳು ನನ್ನದಲ್ಲ."

ಹೇಳಿಬಿಟ್ಟಳು. ಇಪ್ಪತ್ತೇಳು ವರ್ಷ ಅದಕ್ಕೆಂದು ಉದ್ದುದ್ದ ವಾಕ್ಯಗಳನ್ನು ಕಟ್ಟಿಟ್ಟಿದ್ದಳು, ಒಂದೂ ನೆನಪಾಗಲಿಲ್ಲ. "ಆ ಸಂಜೆ ಹಲಗೆ ಮೇಲೆ ಆರು ಅಂತ ಬರೆದಿತ್ತು. ನಾನು ಓದಿದ್ದೆ. ನೀವು ಕೇಳಿದ್ರಿ. ಊಹೂಂ ಅಂದೆ. ನೀರಿನ ಸದ್ದಿರಲಿಲ್ಲ. ಅಂದ್ರೆ ಇತ್ತು, ಆದ್ರೆ ನನಗೆ ಸರಿಯಾಗಿ ಕೇಳಿಸಿತ್ತು."

ಹೊರಗೆ ಗಂಟೆ ಬಾರಿಸಿತು, ಪರದೆಗೆ ಹತ್ತು ನಿಮಿಷ. ಸುಜುಯೊ ಕನ್ನಡಕ ತೆಗೆದಳು. ಏನಾದರೂ ಅಂದಾಳೆಂದು ಚಿಗುಸಾ ಕಾದಳು. ಆ ಹೆಂಗಸು ಪೌಡರಿನ ಬಟ್ಟೆ ಎತ್ತಿಕೊಂಡು ಮಂಡಿಯ ಮೇಲೆ ತೆವಳಿ ಬಂದು, ಇವಳ ಹಣೆಯ ಮೇಲೆ ಪಟಪಟನೆ ತಟ್ಟಿದಳು. "ಚಾಪೆ ಗೆರೆ ಅಚ್ಚೊತ್ತಿದೆ. ಇಂಥ ಮಾತನ್ನ ನಾನೊಬ್ಬಳೇ ಕೇಳಿದ್ರೆ ದಂಡ. ನಡಿ, ಹೊತ್ತಾಯ್ತು."

ಅದರ ಅರ್ಥ ರಂಗದ ಮೇಲೆ ಹೋದ ಮೇಲೆ ತಿಳಿಯಿತು. ಎದುರಿಗೆ ಚಾಪೆ ಹಾಸಿದ ಅಗಾಧ ಕೋಣೆ, ಅದರ ತುಂಬ ಒಂದೇ ಬಗೆಯ ಸ್ನಾನದ ನಿಲುವಂಗಿ ತೊಟ್ಟ ಮುದುಕ ಮುದುಕಿಯರು, ಊಟದ ಡಬ್ಬಗಳು, ಸುಲಿದ ಕಿತ್ತಳೆ ಸಿಪ್ಪೆಯ ಗುಡ್ಡೆಗಳು. ತಲಾ ಮೂರು ಹಾಡು ಮುಗಿದವು. ನಡುವೆ ಹರಟೆ. ಸುಜುಯೊ ಮೈಕು ಹಿಡಿದು ಮುಂದೆ ಬಂದಳು. "ನಿಮಗೆಲ್ಲ ಒಂದು ಕಳ್ಳತನದ ಕಥೆ ಹೇಳ್ಲಾ?" ಹೇಳು ಹೇಳು ಎಂದರು ಜನ. "ಇಲ್ಲಿ ನಿಂತಿದಾಳಲ್ಲ, ಬಡಪಾಯಿ ಹಾಗೆ, ಈ ಹೆಂಗಸು ನನ್ನ ದೋಣಿ ಕದ್ದಳು."

ಸುಜುಯೊ ಎಲ್ಲವನ್ನೂ ಹೇಳಿದಳು. ತನಗೆ ಓದು ಬಾರದಿದ್ದದ್ದು, ಬಚ್ಚಲು, ಹಲಗೆ, ಊಹೂಂ. ಆ ಊಹೂಂ ಅನ್ನು ಮೂರು ರೀತಿಯಲ್ಲಿ ಮಾಡಿ ತೋರಿಸಿದಳು, ಮೂರನೆಯದಕ್ಕೆ ರೈತರ ಸಂಘದವರು ಚಾಪೆಯ ಮೇಲೆ ಹೊರಳಾಡಿದರು. ಕಲ್ಲಿನ ಮೇಲೆ ಕೂತು ಅನ್ನದುಂಡೆ ತಿಂದದ್ದನ್ನು ಕೂಡ ಅಭಿನಯಿಸಿದಳು. "ಸಿಟ್ಟಿಗೆ ಹಸಿವು ಜಾಸ್ತಿ ಕಣ್ರೀ. ಮೂರು ವರ್ಷ ಇವಳಿಗೆ ಶಾಪ ಹಾಕಿದೆ. ಬರೀ ಬಾಯಲ್ಲಿ ಹಾಕಿದ್ರೆ ತೃಪ್ತಿ ಇಲ್ಲ, ಕಾಗದ ಬರೆದು ಬೈಬೇಕು ಅನ್ನಿಸ್ತು. ಬರೆಯೋಕೆ ಬರ್ಬೇಕಲ್ಲ? ಒಬ್ಬ ಮೇಷ್ಟ್ರನ್ನ ಇಟ್ಕೊಂಡು ಅಕ್ಷರ ಕಲಿತೆ. ಕಲಿತು ಮುಗಿಯೋ ಹೊತ್ತಿಗೆ ಬೈಗುಳ ಮರ್ತೇಹೋಗಿತ್ತು!" ನಗುವಿನ ಅಲೆ ಬಂದು ರಂಗಕ್ಕೆ ಬಡಿಯಿತು. ಸುಜುಯೊ ಮೈಕನ್ನು ಚಿಗುಸಾಳ ಬಾಯಿಗೆ ಹಿಡಿದಳು. "ಈಗ ಹೇಳು. ಕದ್ದೆಯೋ ಇಲ್ವೋ?"

ಮುನ್ನೂರ ಐವತ್ತು ಜನ ಕಿತ್ತಳೆ ಅಗಿಯುವುದನ್ನು ನಿಲ್ಲಿಸಿದರು.

"ಕದ್ದೆ," ಎಂದಳು ಚಿಗುಸಾ. ದನಿ ಧ್ವನಿವರ್ಧಕದಲ್ಲಿ ದೊಡ್ಡದಾಗಿ, ಅಡುಗೆಮನೆಯ ತನಕ ಹೋಗಿ ಬಂತು.

ಆಮೇಲೆ ಮುಂದಿನ ಸಾಲಿನಿಂದ, ತಲೆಯ ಮೇಲೆ ಟವೆಲ್ ಇಟ್ಟುಕೊಂಡ ಒಬ್ಬಳು ಕೂಗಿದಳು, "ಅದಕ್ಕೇ ಆ ಸಿನಿಮಾದಲ್ಲಿ ನಿನ್ನ ಮುಖ ಹಾಗಿತ್ತು! ನನ್ನ ಗಂಡ ಅದನ್ನ ನೋಡಿ ನೋಡಿ ಅತ್ತು ಸತ್ತ!" ಇನ್ನೊಬ್ಬ, ಬಟ್ಟಲು ಎತ್ತಿ, "ಏ ತಾಯಿ, ಕ್ಷಮಿಸಿಬಿಡು, ಸಾಕೆ ಆರ್ತಾ ಇದೆ!" ಎಂದ. ಎಲ್ಲೋ ಚಪ್ಪಾಳೆ ಶುರುವಾಯಿತು, ಹಬ್ಬಿತು. ಚಿಗುಸಾ ತಲೆ ಬಾಗಿಸಿದಳು, ಯಾರಿಗೆ ಎಂದು ಅವಳಿಗೆ ತಿಳಿಯಲಿಲ್ಲ. ಇಷ್ಟು ನಾಚಿಕೆಯನ್ನು ಅವಳು ಎಂದೂ ಪಟ್ಟಿರಲಿಲ್ಲ, ಆದರೂ ನಗೆಪಾಟಲಾಗುವುದು ಇಷ್ಟು ಹಗುರವೇ ಎಂದು ಅವಳಿಗೇ ಬೆರಗಾಗುತ್ತಿತ್ತು.

"ಹಾಗಾದ್ರೆ ಕದ್ದ ಮಾಲು ವಾಪಸ್," ಎಂದು ಸುಜುಯೊ ಅಕಾರ್ಡಿಯನ್ನಿನವನಿಗೆ ಕೈ ಬೀಸಿದಳು. "ಮೊದಲ ಚರಣ ನಂದು. ಎರಡನೇದು ನೀನು ಎತ್ಕೋ. ಏಯ್, ಇನ್ನೂ ಬೇಗ ಬಾರ್ಸಯ್ಯಾ, ಇದೇನು ಮಸಣಕ್ಕೆ ಹೋಗೋ ದೋಣಿಯಾ?"

ಕಡವಿನ ಹಾಡು. ಸುಜುಯೊ ಅದನ್ನು ಯಾವ ತಟ್ಟೆಯಲ್ಲೂ, ಯಾವ ರಂಗದಲ್ಲೂ ಹಾಡಿದವಳಲ್ಲ. ಈಗ ಕಾಲು ಅಗಲಿಸಿ ನಿಂತು, ದೋಣಿ ತುಂಬ ತರಕಾರಿ ಹೊತ್ತ ಹೆಂಗಸಿನಂತೆ ಗಂಟಲು ಬಿಟ್ಟು ಹಾಡಿದಳು. ಹಾಡು ಎದ್ದು ಕುಣಿಯಿತು. ಎದುರು ದಡದವನನ್ನು ಛೇಡಿಸುವ ಹಾಡು ಅದು, ಬೇಗ ಬಾ, ಗಂಜಿ ಆರುತ್ತೆ ಎನ್ನುವ ಹಾಡು. ಮಾತುಗಳೆಲ್ಲ ಚಿಗುಸಾಗೆ ಗೊತ್ತಿದ್ದವೇ, ಸಾವಿರ ಸಲ ಹಾಡಿದವೇ. ಅವುಗಳಲ್ಲಿ ಒಂದು ಹನಿ ದುಃಖವೂ ಇರಲಿಲ್ಲ. ತಾನು ಇಷ್ಟು ವರ್ಷ ಅಳಿಸಿದ್ದು ಯಾರನ್ನು, ಯಾತಕ್ಕೆ? ಜನ ತಾಳ ಹಾಕತೊಡಗಿದರು. ಬಟ್ಟಲಿನ ಮುದುಕ ಎದ್ದು ಕುಣಿದ, ನಿಲುವಂಗಿಯ ನಡುಪಟ್ಟಿ ಬಿಚ್ಚಿಕೊಂಡಿತು, ಅವನ ಹೆಂಡತಿ ಅದರ ತುದಿ ಹಿಡಿದುಕೊಂಡು ಅವನ ಹಿಂದೆ ಓಡಿದಳು. ಪರದೆಯ ಮರೆಯಲ್ಲಿ ಕೊಗುರೆ ದಿಂಬನ್ನು ಬಡಿದು ತಾಳ ಹಾಕುತ್ತಿದ್ದ. ಚಿಗುಸಾಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಮೂಗಿನಿಂದ ಹೊರಟಿತು, ಆಮೇಲೆ ಬಾಯಿಂದ. ಬಗ್ಗಿ, ಮಂಡಿ ಹಿಡಿದುಕೊಂಡು ನಕ್ಕಳು. ಮೊದಲ ಚರಣ ಮುಗಿದು ಅವಳ ಸರದಿ ಬಂದದ್ದೂ, ವಾದ್ಯದವರು ಅವಳಿಗೆ ಜಾಗ ಬಿಟ್ಟದ್ದೂ, ಆ ಜಾಗ ದಾಟಿ ಹೋದದ್ದೂ ಅವಳಿಗೆ ಗೊತ್ತಾಯಿತು. ಉಸಿರು ಮಾತ್ರ ಸಿಗಲಿಲ್ಲ.

ಸುಜುಯೊ ಅವಳ ಸಾಲನ್ನು ಹಾಡಲಿಲ್ಲ. ಮೈಕನ್ನು ಕೆಳಗಿಳಿಸಿ, ಅಕಾರ್ಡಿಯನ್ನಿನವನಿಗೆ ಬೆರಳಿನಿಂದ ಸುತ್ತು ಹಾಕಿ ತೋರಿಸಿದಳು, ಇನ್ನೊಂದು ಸಲ ಎಂದು. ಅವನು ಮತ್ತೆ ಬಾರಿಸಿದ. ಮತ್ತೊಂದು ಸಲ. ಜನ ತಾಳ ಬಿಡಲಿಲ್ಲ. ಚಿಗುಸಾ ಬೆನ್ನು ನೆಟ್ಟಗೆ ಮಾಡಿ, ಕಣ್ಣೀರು ಒರೆಸಿಕೊಂಡು, ಹೊಟ್ಟೆಯ ತಳದಿಂದ ಉಸಿರೆಳೆದುಕೊಳ್ಳುವವರೆಗೂ ಸುಜುಯೊ ಅವಳ ಪಕ್ಕದಲ್ಲೇ, ಕಾಲಿನಿಂದ ನೆಲ ತಟ್ಟುತ್ತ, ಕಾದಳು.